ಹೆಸರು ಕೇಳಿ ನಗಬೇಡಿ, ಸೀಲು ನೋಡಿ ನಂಬಬೇಡಿ

ಮೊದಲು ನಮ್ಮದೇ ತಪ್ಪು ಒಪ್ಪಿಕೊಂಡು ಶುರು ಮಾಡುತ್ತೇವೆ.

ನಮ್ಮ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದ. ಅವನಿಗೆ ಎಸ್ವಾಟಿನಿ ಎಂಬ ದೇಶದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಊರಿನವರು ಹಾರ ಹಾಕಿ ಸನ್ಮಾನ ಮಾಡಿದರು. ನಾವು ಪತ್ರಿಕೆಗೆ ನಾಲ್ಕು ಸಾಲಿನ ಸುದ್ದಿ ಕಳಿಸಿದೆವು. ಓದುಗರಿಗೆ ಗೊತ್ತಾಗಲಿ ಎಂದು ‘ಎಸ್ವಾಟಿನಿ, ಅಂದರೆ ಹಿಂದಿನ ಸ್ವಾಜಿಲೆಂಡ್’ ಎಂದು ಬರೆದಿದ್ದೆವು. ಡೆಸ್ಕಿನಲ್ಲಿ ಕೂತವರಿಗೆ ಎರಡೂ ಹೆಸರು ಗೊತ್ತಿರಲಿಲ್ಲ. ಹಳ್ಳಿ ವರದಿಗಾರ ಏನೋ ತಪ್ಪು ಟೈಪ್ ಮಾಡಿದ್ದಾನೆ ಅಂದುಕೊಂಡು ತಿದ್ದಿಬಿಟ್ಟರು. ಬೆಳಿಗ್ಗೆ ಪೇಪರ್ ತೆಗೆದರೆ ‘ಸ್ವಿಟ್ಜರ್ಲೆಂಡಿಗೆ ಹೊರಟ ರೈತನ ಮಗ’!

ಆ ಹೊತ್ತಿಗೆ ಹುಡುಗನಿಗೆ ಹೆಣ್ಣು ನೋಡಿ ಮಾತುಕತೆ ಮುಗಿದಿತ್ತು. ಹೆಣ್ಣಿನ ಕಡೆಯವರು ಪೇಪರ್ ನೋಡಿ ಖುಷಿಪಟ್ಟರು. ಆಮೇಲೆ ಕೆಲಸದ ಪತ್ರ ನೋಡಿದರೆ ಬೇರೆ ಯಾವುದೋ ಹೆಸರು. ಹುಡುಗಿಯ ಸೋದರಮಾವ ಟೀ ಅಂಗಡಿಯಲ್ಲಿ ನಮ್ಮನ್ನೇ ಕೇಳಿದರು: ‘ಪೇಪರ್ನಲ್ಲಿ ಒಂದ್ ದೇಸ ಬಂದೈತೆ, ಕಾಗ್ದದಲ್ಲಿ ಇನ್ನೊಂದ್ ದೇಸ ಐತೆ. ಈ ಎಸ್ವಾಟಿನಿ ಅನ್ನೋದು ಎಲ್ಲಾರಾ ಇದ್ದದಾ ಸಾಮಿ? ಹುಡ್ಗ ಸುಳ್ಳು ಹೇಳ್ತಾವ್ನೆ ಅಲ್ವಾ?’ ಇದೆ ಅಂತ ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಪೇಪರಿನಲ್ಲಿ ಬಂದದ್ದೇ ನಿಜ ಅಂದರು. ಸಂಬಂಧ ಮುರಿಯಿತು. ಮೂರು ದಿನ ಬಿಟ್ಟು ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಅದನ್ನು ಯಾರು ಓದುತ್ತಾರೆ?

ಅದೇ ಊರಲ್ಲಿ ಅದೇ ವರ್ಷ ಇನ್ನೊಂದು ಕಥೆ ನಡೆಯಿತು. ಒಬ್ಬ ಏಜೆಂಟ್ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದ. ಬಾವುಟ, ಚಿನ್ನದ ಬಣ್ಣದ ಲಾಂಛನ, ನೀಲಿ ನಂಬರ್ ಪ್ಲೇಟಿನ ಕಾರು, ಕೋಟು ಹಾಕಿದ ‘ರಾಯಭಾರಿ’. ದೇಶದ ಹೆಸರು ಕೇಳಿದರೆ ಯುರೋಪಿನದು ಅನ್ನಿಸಬೇಕು, ಹಾಗಿತ್ತು. ಯಾರೂ ನಗಲಿಲ್ಲ, ಯಾರೂ ಅನುಮಾನ ಪಡಲಿಲ್ಲ. ಒಬ್ಬ ಎಮ್ಮೆ ಮಾರಿ ‘ಪ್ರೊಸೆಸಿಂಗ್’ ಅಂತ ದುಡ್ಡು ಕೊಟ್ಟ. ಆ ಹೆಸರಿನ ದೇಶ ಯಾವ ನಕ್ಷೆಯಲ್ಲೂ ಇಲ್ಲ. ಏಜೆಂಟನ ನಂಬರ್ ಈಗ ಸ್ವಿಚ್ ಆಫ್. ಊರವರು ಆಡಿಕೊಳ್ಳುತ್ತಾರೆ ಅಂತ ಆತ ಪೊಲೀಸ್ ದೂರು ಕೊಡಲೂ ಒಪ್ಪುತ್ತಿಲ್ಲ. ಅದಕ್ಕೇ ಇಲ್ಲಿ ಅವನ ಗುರುತು ಹೇಳುವುದಿಲ್ಲ.

ಇರುವ ದೇಶವನ್ನು ಸುಳ್ಳು ಅಂದೆವು, ಇಲ್ಲದ ದೇಶಕ್ಕೆ ಎಮ್ಮೆ ಮಾರಿದೆವು. ಎರಡೂ ಒಂದೇ ರೋಗ. ಹೆಸರಿನ ಸದ್ದು ಕೇಳಿ, ಕಾಗದದ ಹೊಳಪು ನೋಡಿ ದೇಶ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವ ರೋಗ. ಇದನ್ನು ಹಬ್ಬಿಸುವುದರಲ್ಲಿ ಹಳ್ಳಿಯವರಿಗಿಂತ ನಮ್ಮಂಥ ಸುದ್ದಿಯವರ ಪಾಲೇ ಹೆಚ್ಚು. ಇದು ನಮ್ಮ ವಾದ.

ಹೆಸರು ವಿಚಿತ್ರ, ದೇಶ ನಿಜ

ಎಸ್ವಾಟಿನಿ ಆಫ್ರಿಕಾದ ದಕ್ಷಿಣದಲ್ಲಿದೆ. ಸುತ್ತ ದಕ್ಷಿಣ ಆಫ್ರಿಕಾ, ಮೊಜಾಂಬಿಕ್. ನಮ್ಮ ಮಂಡ್ಯ ಜಿಲ್ಲೆಯ ಮೂರೂವರೆ ಪಟ್ಟು ದೊಡ್ಡದು. ನಮ್ಮ ಹಾಗೇ ಕಬ್ಬು ಬೆಳೆಯುತ್ತಾರೆ, ಸಕ್ಕರೆ ಅಲ್ಲಿನ ದೊಡ್ಡ ಕಸುಬು. 1968ರಲ್ಲಿ ಸ್ವತಂತ್ರವಾಯಿತು. 2018ರಲ್ಲಿ, ಸ್ವಾತಂತ್ರ್ಯದ 50ನೇ ವರ್ಷಕ್ಕೆ, ಅಲ್ಲಿನ ರಾಜ ಮೂರನೇ ಮಸ್ವಾಟಿ ಸ್ವಾಜಿಲೆಂಡ್ ಎಂಬ ಹೆಸರನ್ನು ಎಸ್ವಾಟಿನಿ ಎಂದು ಬದಲಿಸಿದರು. ಬದಲಿಸಲು ಆತ ಕೊಟ್ಟ ಕಾರಣಗಳಲ್ಲಿ ಒಂದು ಏನು ಗೊತ್ತೇ? ನಾವು ಹೊರಗೆ ಹೋದರೆ ಜನ ನಮ್ಮನ್ನು ಸ್ವಿಟ್ಜರ್ಲೆಂಡಿನವರು ಅಂದುಕೊಳ್ಳುತ್ತಾರೆ ಎಂಬುದು. ರಾಜ ಹೇಳಿದ ಆ ತಪ್ಪನ್ನೇ ನಮ್ಮ ಡೆಸ್ಕು ಅಚ್ಚು ಹಾಕಿತು.

ಹೆಸರು ಬದಲಾಗುವುದು ನಮಗೇನು ಹೊಸದಲ್ಲ. ನಮ್ಮ ರಾಜ್ಯವೇ 1973ರ ನವೆಂಬರ್ 1ರವರೆಗೆ ಮೈಸೂರು ರಾಜ್ಯ. ಅಜ್ಜನ ಹಳೇ ಕಾಗದಪತ್ರ ತೆಗೆದು ನೋಡಿ, ಅದರಲ್ಲಿ ಕರ್ನಾಟಕ ಇರುವುದಿಲ್ಲ. ಹಾಗಂತ ಕರ್ನಾಟಕ ಸುಳ್ಳೇ? ಸಿಲೋನ್ 1972ರಲ್ಲಿ ಶ್ರೀಲಂಕಾ ಆಯಿತು. ಬರ್ಮಾ 1989ರಲ್ಲಿ ಮ್ಯಾನ್ಮಾರ್ ಆಯಿತು. ಅಪ್ಪರ್ ವೋಲ್ಟಾ 1984ರಲ್ಲಿ ಬುರ್ಕಿನಾ ಫಾಸೋ ಆಯಿತು. ಮ್ಯಾಸಿಡೋನಿಯಾ 2019ರಲ್ಲಿ ಉತ್ತರ ಮ್ಯಾಸಿಡೋನಿಯಾ ಆಯಿತು. ಶಾಲೆಯ ಗೋಡೆಯಲ್ಲಿ ನೇತು ಹಾಕಿರುವ ನಕ್ಷೆ ಎಷ್ಟು ವರ್ಷದ ಹಳೆಯದು ಅಂತ ಒಮ್ಮೆ ಹೋಗಿ ನೋಡಿ. ಎಷ್ಟೋ ಕಡೆ ದಕ್ಷಿಣ ಸುಡಾನ್ ಇರುವುದೇ ಇಲ್ಲ. ಅದು 2011ರಲ್ಲಿ ಹುಟ್ಟಿ ವಿಶ್ವಸಂಸ್ಥೆಯ 193ನೇ ಸದಸ್ಯ ಆಯಿತು.

ಟುವಾಲು ಎಂಬ ದೇಶ ಇದೆ. ಜನಸಂಖ್ಯೆ ನಮ್ಮ ಒಂದು ದೊಡ್ಡ ಗ್ರಾಮ ಪಂಚಾಯಿತಿಯಷ್ಟು. ಆದರೂ ವಿಶ್ವಸಂಸ್ಥೆಯಲ್ಲಿ ಅದಕ್ಕೂ ಒಂದು ವೋಟು, 140 ಕೋಟಿ ದಾಟಿದ ಭಾರತಕ್ಕೂ ಒಂದು ವೋಟು. ಕಿರಿಬಾಟಿ ಎಂದು ಬರೆದು ಕಿರಿಬಾಸ್ ಎಂದು ಓದುವ ದೇಶ ಇದೆ. ನೌರು, ಪಲಾವು, ವನುವಾಟು, ಲೆಸೋಥೋ, ಜಿಬೂಟಿ, ಕೊಮೊರೋಸ್ ಎಲ್ಲವೂ ನಿಜ. ಗಿನಿ, ಗಿನಿ ಬಿಸ್ಸಾವ್, ಈಕ್ವಟೋರಿಯಲ್ ಗಿನಿ, ಪಾಪುವಾ ನ್ಯೂಗಿನಿ ಅಂತ ನಾಲ್ಕು ‘ಗಿನಿ’ಗಳಿವೆ, ನಾಲ್ಕೂ ಬೇರೆ ಬೇರೆ ದೇಶ. ಕಾಂಗೋ ಎರಡಿವೆ. ನೈಜರ್ ಬೇರೆ, ನೈಜೀರಿಯಾ ಬೇರೆ. ಇವುಗಳ ಹೆಸರು ಹಿಡಿದು ಜೋಕ್ ಮಾಡುವವರಿಗೆ ಒಂದು ಮಾತು: ‘ತಿಪ್ಪಗೊಂಡನಹಳ್ಳಿ’ ಅಂದರೆ ಅಲ್ಲಿಯವರಿಗೂ ನಗು ಬರಬಹುದು.

ಇನ್ನು ನಮ್ಮ ಹಕ್ಕಿಪಿಕ್ಕಿ ಜನರನ್ನು ನೋಡಿ. ಓದಿಲ್ಲದವರು ಅಂತ ನಾವು ಬದಿಗೆ ಸರಿಸಿದ ಈ ಜನ ಗಿಡಮೂಲಿಕೆ, ಎಣ್ಣೆ ಹಿಡಿದು ಆಫ್ರಿಕಾದ ದೇಶಗಳನ್ನು ಸುತ್ತಿ ಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಮೂವತ್ತಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡಿದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ಸರ್ಕಾರ ಭಾರತೀಯರನ್ನು ವಾಪಸ್ ಕರೆತಂದಿತು. ಅವರು ಸಿಕ್ಕಿಕೊಂಡ ಊರು ಅಲ್ ಫಾಶಿರ್. ಡಿಪ್ಲೊಮಾ ಸರ್ಟಿಫಿಕೇಟು ಇಟ್ಟುಕೊಂಡ ನಾವು ಆ ಹೆಸರನ್ನು ಅವತ್ತೇ ಮೊದಲು ಕೇಳಿದ್ದು.

ದೊಡ್ಡವರೂ ಜಾರಿದ್ದಾರೆ

ಹಳ್ಳಿಯವರಿಗೆ ಮಾತ್ರ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. 2017ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಆಫ್ರಿಕಾದ ನಾಯಕರ ಎದುರಿಗೇ ‘ನಾಂಬಿಯಾ’ ಎಂಬ ದೇಶವನ್ನು ಹೊಗಳಿದರು. ಆ ಹೆಸರಿನ ದೇಶವೇ ಇಲ್ಲ. ಇರುವುದು ನಮೀಬಿಯಾ. ನಮ್ಮ ಕುನೋ ಕಾಡಿಗೆ 2022ರಲ್ಲಿ ಎಂಟು ಚೀತಾ ಬಂದದ್ದು ಅಲ್ಲಿಂದಲೇ. ಜಾಂಬಿಯಾ ಇದೆ, ಗ್ಯಾಂಬಿಯಾ ಇದೆ. ನಾಂಬಿಯಾ ಮಾತ್ರ ಇಲ್ಲ.

2019ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವೆಬ್‌ಸೈಟಿನಲ್ಲಿ ವ್ಯಾಪಾರ ಒಪ್ಪಂದವಿರುವ ದೇಶಗಳ ಪಟ್ಟಿಯಲ್ಲಿ ‘ವಕಾಂಡಾ’ ಇತ್ತು. ಅದು ಬ್ಲ್ಯಾಕ್ ಪ್ಯಾಂಥರ್ ಸಿನಿಮಾದ ಕಟ್ಟುಕಥೆಯ ದೇಶ. ಪರೀಕ್ಷೆಗೆ ಹಾಕಿದ್ದು ತೆಗೆಯಲು ಮರೆತೆವು ಎಂದು ಇಲಾಖೆ ಸಮಜಾಯಿಷಿ ಕೊಟ್ಟಿತು. ಅಂದರೆ ಸರ್ಕಾರಿ ವೆಬ್‌ಸೈಟಿನ ಒಂದು ಪುಟದಲ್ಲಿದೆ ಅಂದ ಮಾತ್ರಕ್ಕೆ ದೇಶ ನಿಜವಾಗುವುದಿಲ್ಲ.

ಹೆಸರು ಚೆಂದ, ದೇಶವೇ ಇಲ್ಲ

2025ರ ಜುಲೈನಲ್ಲಿ ಉತ್ತರ ಪ್ರದೇಶದ ಪೊಲೀಸರು ದೆಹಲಿ ಪಕ್ಕದ ಗಾಜಿಯಾಬಾದಿನಲ್ಲಿ ಒಂದು ಬಾಡಿಗೆ ಬಂಗಲೆಯ ಮೇಲೆ ದಾಳಿ ಮಾಡಿದರು. ಒಳಗೆ ‘ರಾಯಭಾರ ಕಚೇರಿ’ ನಡೆಯುತ್ತಿತ್ತು. ವೆಸ್ಟ್‌ಆರ್ಕ್ಟಿಕಾ, ಸೆಬೋರ್ಗಾ, ಲಾಡೋನಿಯಾ, ಪೌಲ್ವಿಯಾ ಎಂಬ ‘ದೇಶ’ಗಳ ರಾಯಭಾರಿ ತಾನು ಎಂದು ಒಬ್ಬ ಹೇಳಿಕೊಂಡಿದ್ದ. ಸಿಕ್ಕಿದ್ದು ಏನೇನು? ರಾಯಭಾರಿ ನಂಬರ್ ಪ್ಲೇಟ್ ಹಾಕಿದ ನಾಲ್ಕು ಕಾರು, 12 ಪಾಸ್‌ಪೋರ್ಟು, 34 ಸೀಲು, 44 ಲಕ್ಷಕ್ಕೂ ಹೆಚ್ಚು ನಗದು, ದೊಡ್ಡ ನಾಯಕರ ಜೊತೆ ನಿಂತಂತೆ ಜೋಡಿಸಿದ ಫೋಟೋಗಳು. ವಿದೇಶದಲ್ಲಿ ಕೆಲಸ ಕೊಡಿಸುತ್ತೇನೆಂದು ದುಡ್ಡು ತೆಗೆದುಕೊಳ್ಳುತ್ತಿದ್ದ ಎಂಬುದು ಪೊಲೀಸರ ಆರೋಪ.

ಈ ಹೆಸರುಗಳ ಹಿಂದೆ ಏನಿದೆ ನೋಡಿ. ಸೆಬೋರ್ಗಾ ಇಟಲಿಯ ಒಂದು ಚಿಕ್ಕ ಹಳ್ಳಿ, ಮುನ್ನೂರು ಚಿಲ್ಲರೆ ಜನ. ಅವರು ತಮ್ಮಷ್ಟಕ್ಕೆ ರಾಜಕುಮಾರ, ರಾಜಕುಮಾರಿ ಅಂತ ಆರಿಸಿಕೊಳ್ಳುತ್ತಾರೆ. ಕಾನೂನಿನ ಪ್ರಕಾರ ಅದು ಇಟಲಿಯೇ. ವೆಸ್ಟ್‌ಆರ್ಕ್ಟಿಕಾ ಅಂಟಾರ್ಕ್ಟಿಕಾದ ಹಿಮದ ಮೇಲೆ ಅಮೆರಿಕದ ಒಬ್ಬಾತ 2001ರಲ್ಲಿ ಹಾಕಿದ ಹಕ್ಕು. ಅಲ್ಲಿ ಪ್ರಜೆ ಎಂದು ವಾಸ ಮಾಡುವ ಒಂದು ನರಪಿಳ್ಳೆಯೂ ಇಲ್ಲ. ಪೌಲ್ವಿಯಾ ಯಾವ ನಕ್ಷೆಯಲ್ಲೂ ಇಲ್ಲ.

ಲಾಡೋನಿಯಾದ ಕಥೆ ಹೆಚ್ಚು ನೋವಿನದು. ಸ್ವೀಡನ್ನಿನ ಕಲಾವಿದ ಲಾರ್ಸ್ ವಿಲ್ಕ್ಸ್ ಸಮುದ್ರ ದಂಡೆಯಲ್ಲಿ ಮರದ ತುಂಡುಗಳಿಂದ ಒಂದು ಶಿಲ್ಪ ಕಟ್ಟಿದ. ಅಧಿಕಾರಿಗಳು ತೆಗೆ ಅಂದರು. ಜಗಳ ಬೆಳೆದು 1996ರಲ್ಲಿ ಆತ ಅದೇ ಜಾಗವನ್ನು ‘ದೇಶ’ ಎಂದು ಘೋಷಿಸಿದ. ಅದೊಂದು ತಮಾಷೆ, ಒಂದು ಪ್ರತಿಭಟನೆ. ಆದರೆ 2002ರಲ್ಲಿ ಪಾಕಿಸ್ತಾನದಿಂದ ಸಾವಿರಾರು ಜನ ಪೌರತ್ವಕ್ಕೆ ಅರ್ಜಿ ಹಾಕಿದರು. ಅಲ್ಲಿಗೆ ಹೋದರೆ ಬದುಕು ಸಿಗುತ್ತದೆ ಅಂತ ನಿಜವಾಗಿ ನಂಬಿದ್ದರು. ಒಬ್ಬರ ತಮಾಷೆ ಕೆಲಸವಿಲ್ಲದವರ ಮನೆಗೆ ಬರುವ ಹೊತ್ತಿಗೆ ಆಸೆಯಾಗಿತ್ತು. ಆ ಅರ್ಜಿ ಹಾಕಿದವರನ್ನು ನೋಡಿ ನಗುವ ಯೋಗ್ಯತೆ ನಮಗಿಲ್ಲ. ನಮ್ಮೂರಲ್ಲೂ ಎಮ್ಮೆ ಮಾರಿದ್ದಾರೆ.

ಇದು ಮೊಬೈಲ್ ಬಂದ ಮೇಲೆ ಶುರುವಾದ ಮೋಸವೂ ಅಲ್ಲ. 1822ರಲ್ಲಿ ಗ್ರೆಗರ್ ಮ್ಯಾಕ್‌ಗ್ರೆಗರ್ ಎಂಬಾತ ಲಂಡನ್ನಿನಲ್ಲಿ ‘ಪೊಯಾಯಿಸ್’ ಎಂಬ ದೇಶದ ಒಡೆಯ ತಾನು ಎಂದ. ಮಧ್ಯ ಅಮೆರಿಕದಲ್ಲಿದೆ, ಚಿನ್ನದಂಥ ನೆಲ ಅಂದ. ಪುಸ್ತಕ ಅಚ್ಚು ಹಾಕಿಸಿದ, ನೋಟು ಅಚ್ಚು ಹಾಕಿಸಿದ, ದೇಶದ ಹೆಸರಲ್ಲಿ 2 ಲಕ್ಷ ಪೌಂಡ್ ಸಾಲಪತ್ರ ಬಿಟ್ಟ. ಸುಮಾರು 250 ಜನ ಇದ್ದದ್ದನ್ನೆಲ್ಲ ಮಾರಿ ಎರಡು ಹಡಗಿನಲ್ಲಿ ಹೋದರು. ಇಳಿದು ನೋಡಿದರೆ ಬರೀ ಕಾಡು, ಜೌಗು. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತರು.

ಕೈಲಾಸ ಮತ್ತು ನಮ್ಮ ಟಿವಿಗಳು

ಈಗ ಮನೆಯ ಹತ್ತಿರದ ಮಾತಿಗೆ ಬರೋಣ. ಬಿಡದಿಯಲ್ಲಿ ಆಶ್ರಮ ಇಟ್ಟುಕೊಂಡಿದ್ದ ನಿತ್ಯಾನಂದನ ಮೇಲೆ ಅತ್ಯಾಚಾರ ಆರೋಪದ ಪ್ರಕರಣ ರಾಮನಗರದ ನ್ಯಾಯಾಲಯದಲ್ಲಿದೆ. ಆತ ದೇಶ ಬಿಟ್ಟ ಮೇಲೆ, 2019ರಲ್ಲಿ, ‘ಕೈಲಾಸ’ ಎಂಬ ದೇಶ ಕಟ್ಟಿದ್ದೇನೆ ಅಂದ. ಈಕ್ವೆಡಾರಿನ ದ್ವೀಪದಲ್ಲಿದೆ ಎಂದು ಸುದ್ದಿಯಾಯಿತು. ಈಕ್ವೆಡಾರ್ ಸರ್ಕಾರ ನಾವು ಆಶ್ರಯ ಕೊಟ್ಟಿಲ್ಲ, ಭೂಮಿ ಕೊಡಿಸಿಲ್ಲ ಎಂದಿತು. 2020ರ ಗಣೇಶ ಹಬ್ಬಕ್ಕೆ ಆತ ರಿಸರ್ವ್ ಬ್ಯಾಂಕ್, ನಾಣ್ಯ ಎಲ್ಲ ಘೋಷಿಸಿದ.

ಆಗ ನಮ್ಮ ಟಿವಿಗಳು ಏನು ಮಾಡಿದವು? ಗಂಟೆಗಟ್ಟಲೆ ಬಾವುಟ ತೋರಿಸಿದವು, ನಾಣ್ಯ ತೋರಿಸಿದವು, ‘ಕೈಲಾಸದಲ್ಲಿ ಏನೇನಿದೆ’ ಎಂದು ಹಾಡು ಹಾಕಿ ಕಾರ್ಯಕ್ರಮ ಮಾಡಿದವು. ‘ಕೈಲಾಸ ಎಲ್ಲಿದೆ, ಅದರ ನೆಲದ ಸರ್ವೆ ನಂಬರ್ ಯಾವುದು’ ಎಂದು ಗಟ್ಟಿಯಾಗಿ ಕೇಳಿದವರು ಎಷ್ಟು ಜನ? ತಮಾಷೆಗೆ ಹಾಕಿದ್ದು ಅಂತ ಸ್ಟುಡಿಯೋದವರು ಹೇಳಬಹುದು. ಹಳ್ಳಿಯಲ್ಲಿ ಕೂತು ನೋಡುವವರಿಗೆ ಟಿವಿಯಲ್ಲಿ ಬಂದದ್ದೆಲ್ಲ ಸುದ್ದಿಯೇ. ವೀಸಾ ಹೇಗೆ ಮಾಡಿಸಬೇಕು ಅಂತ ನಮ್ಮನ್ನೇ ಕೇಳಿದವರಿದ್ದಾರೆ.

ಕೈಲಾಸದವರಿಗೆ ಬೇಕಾಗಿದ್ದದ್ದೂ ಅದೇ. ಯಾರೋ ಒಬ್ಬ ದೊಡ್ಡವರ ಪಕ್ಕ ನಿಂತ ಫೋಟೋ. 2023ರ ಜನವರಿಯಲ್ಲಿ ಅಮೆರಿಕದ ನ್ಯೂವಾರ್ಕ್ ನಗರ ಇವರ ಜೊತೆ ‘ಸೋದರ ನಗರ’ ಒಪ್ಪಂದಕ್ಕೆ ಸಹಿ ಹಾಕಿತು. ಅಂಥ ನಗರವೇ ಇಲ್ಲ ಎಂದು ಗೊತ್ತಾಗಿ ಅದೇ ತಿಂಗಳು ರದ್ದು ಮಾಡಿತು. ಫೆಬ್ರವರಿಯಲ್ಲಿ ಇವರ ಕಡೆಯವರು ಜಿನೀವಾದ ವಿಶ್ವಸಂಸ್ಥೆ ಸಭೆಯಲ್ಲಿ ಕೂತರು. ಅದು ಯಾರು ಬೇಕಾದರೂ ಹೆಸರು ಕೊಟ್ಟು ಬರಬಹುದಾದ ಸಭೆ. ಅವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ವಿಶ್ವಸಂಸ್ಥೆಯ ಕಚೇರಿ ಹೇಳಿತು. ಅದೇ ವರ್ಷದ ಕೊನೆಗೆ ಪರಾಗ್ವೆ ದೇಶದ ಕೃಷಿ ಸಚಿವಾಲಯದ ಅಧಿಕಾರಿಯೊಬ್ಬರು ಇವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ಕೆಲಸ ಕಳೆದುಕೊಂಡರು.

2025ರಲ್ಲಿ ಬೊಲಿವಿಯಾದಲ್ಲಿ ನಡೆದದ್ದನ್ನು ರೈತರು ಗಮನವಿಟ್ಟು ಓದಬೇಕು. ಅಮೆಜಾನ್ ಕಾಡಿನ ಮೂಲನಿವಾಸಿಗಳ ಭೂಮಿಯನ್ನು ಕೈಲಾಸದವರು ಗುತ್ತಿಗೆಗೆ ಕೇಳಿದರು. 25 ವರ್ಷಕ್ಕೆ ಎಂದು ಮಾತಾಗಿತ್ತು, ಆಮೇಲೆ ಇಂಗ್ಲಿಷಿನಲ್ಲಿ ಬಂದ ಪತ್ರದಲ್ಲಿ ಸಾವಿರ ವರ್ಷ ಎಂದಿತ್ತು ಎಂದು ಬೌರೆ ಸಮುದಾಯದ ಮುಖಂಡರೊಬ್ಬರು ಪತ್ರಕರ್ತರಿಗೆ ಹೇಳಿದರು. ಸರ್ಕಾರ ಒಪ್ಪಂದಗಳು ಅಸಿಂಧು ಎಂದಿತು, ಕೈಲಾಸದ ಇಪ್ಪತ್ತು ಜನರನ್ನು ಹಿಡಿದು ದೇಶದಿಂದ ಕಳಿಸಿತು. ಟಿವಿಯಲ್ಲಿ ತಮಾಷೆಯಾಗಿದ್ದ ದೇಶ ಅಲ್ಲಿ ಬಡವರ ನೆಲದ ಮೇಲೆ ಕಾಲಿಡಲು ಬಂದಿತ್ತು.

ಹಾಗಾದರೆ ಗುರುತಿಸುವುದು ಹೇಗೆ?

ಹೆಸರಿನಿಂದ ಆಗುವುದಿಲ್ಲ. ನಾಲ್ಕು ಪ್ರಶ್ನೆ ಕೇಳಬೇಕು. 1933ರ ಮಾಂಟೆವಿಡಿಯೋ ಒಪ್ಪಂದದಲ್ಲಿ ದೇಶಕ್ಕೆ ನಾಲ್ಕು ಲಕ್ಷಣ ಹೇಳಿದ್ದಾರೆ: ಕಾಯಂ ವಾಸವಿರುವ ಜನ ಇರಬೇಕು, ಗೊತ್ತಾದ ನೆಲ ಇರಬೇಕು, ಸರ್ಕಾರ ಇರಬೇಕು, ಬೇರೆ ದೇಶಗಳ ಜೊತೆ ವ್ಯವಹಾರ ಮಾಡುವ ಶಕ್ತಿ ಇರಬೇಕು. ಹೊಲ ಕೊಳ್ಳುವಾಗ ಪಹಣಿ ಯಾರ ಹೆಸರಲ್ಲಿದೆ, ಚೆಕ್ಕುಬಂದಿ ಏನು, ಅನುಭವದಲ್ಲಿ ಯಾರಿದ್ದಾರೆ ಅಂತ ಕೇಳುತ್ತೀರಲ್ಲ, ಇದೂ ಹಾಗೇ. ಎರಡು ಗುಂಟೆಗೆ ಇಷ್ಟು ವಿಚಾರಿಸುವ ನಾವು ಒಂದು ದೇಶಕ್ಕೆ ಏನೂ ಕೇಳದೆ ದುಡ್ಡು ಕೊಡುತ್ತೇವೆ.

ಎರಡನೆಯದು, ವಿಶ್ವಸಂಸ್ಥೆಯ ಪಟ್ಟಿ ನೋಡಿ. 193 ಸದಸ್ಯ ದೇಶಗಳಿವೆ. ವ್ಯಾಟಿಕನ್, ಪ್ಯಾಲೆಸ್ತೀನ್ ಎರಡು ವೀಕ್ಷಕ ಸ್ಥಾನದಲ್ಲಿವೆ. ಪಟ್ಟಿಯಲ್ಲಿಲ್ಲ ಅಂದ ಕೂಡಲೇ ಕಟ್ಟುಕಥೆ ಅನ್ನಬೇಡಿ. ತೈವಾನ್ ಪಟ್ಟಿಯಲ್ಲಿಲ್ಲ, ಆದರೆ ಜನ, ನೆಲ, ಸರ್ಕಾರ ಎಲ್ಲ ಇದೆ. ಮೊಬೈಲುಗಳ ಒಳಗಿನ ಎಷ್ಟೋ ಚಿಪ್ಪು ಅಲ್ಲಿಯದು. ಕೊಸೊವೊ ಕೂಡ ಪಟ್ಟಿಯಲ್ಲಿಲ್ಲ, ಭಾರತ ಅದನ್ನು ಮಾನ್ಯ ಮಾಡಿಲ್ಲ, ಆದರೂ ಅಲ್ಲಿ ಜನ ಬದುಕುತ್ತಿದ್ದಾರೆ, ಆಡಳಿತ ನಡೆಯುತ್ತಿದೆ. ಇವು ತಕರಾರಿನ ದೇಶಗಳು. ತಕರಾರು ಬೇರೆ, ಸುಳ್ಳು ಬೇರೆ.

ಮೂರನೆಯದು, ಆ ದೇಶದ ವ್ಯವಹಾರ ನೋಡಿಕೊಳ್ಳುವ ಭಾರತದ ಕಚೇರಿ ಯಾವುದು ಎಂದು ವಿದೇಶಾಂಗ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿ. ಚಿಕ್ಕ ದೇಶವಾದರೆ ಪಕ್ಕದ ದೇಶದಿಂದ ನೋಡಿಕೊಳ್ಳುತ್ತಾರೆ. ಟುವಾಲು, ಕಿರಿಬಾಟಿಗೆ ಫಿಜಿಯ ಸುವಾದಲ್ಲಿರುವ ನಮ್ಮ ಹೈಕಮಿಷನ್ ಇದೆ. ಸುಳ್ಳು ದೇಶಕ್ಕೆ ಯಾರೂ ಇರುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ದೇಶ ನಿಜ ಅಂದ ಮಾತ್ರಕ್ಕೆ ಕೆಲಸ ನಿಜ ಅಲ್ಲ. ಮ್ಯಾನ್ಮಾರ್ ನಿಜವಾದ ದೇಶವೇ. ಕಂಪ್ಯೂಟರ್ ಕೆಲಸ ಅಂತ ಕರೆದುಕೊಂಡು ಹೋಗಿ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ವಾಪಸ್ ತರಬೇಕಾಯಿತು. ಅದಕ್ಕೇ ಏಜೆಂಟನ ನೋಂದಣಿ ನಂಬರ್ ಕೇಳಿ, ಇ-ಮೈಗ್ರೇಟ್ ಪೋರ್ಟಲಿನಲ್ಲಿ ಹಾಕಿ ನೋಡಿ. ನೋಂದಣಿ ಇರುವ ಏಜೆಂಟ್ ಕೂಡ ಸೇವಾ ಶುಲ್ಕ ಎಂದು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ, ರಸೀದಿ ಕೊಡಬೇಕು. ನಂಬರ್ ಕೇಳಿದ ಕೂಡಲೇ ಸಿಡುಕುವವನು ಏಜೆಂಟ್ ಅಲ್ಲ.

ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ ಅನ್ನುವವರಿಗೆ

ಗಂಟಲ ಮಟ್ಟ ಸಾಲ ಇರುವವನು ನಕ್ಷೆ ನೋಡುತ್ತಾ ಕೂರುತ್ತಾನಾ ಎಂದು ಕೆಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದಕ್ಕೇ ಈ ಕೆಲಸವನ್ನು ಅವನ ತಲೆ ಮೇಲೆ ಹಾಕಿ ಕೈತೊಳೆದುಕೊಳ್ಳಬಾರದು. ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಈ ವರ್ಷದ ಒಂದು ಪ್ರಪಂಚ ನಕ್ಷೆ ಬೇಕು. ಶಾಲೆಯಲ್ಲಿ ರಾಜಧಾನಿ ಬಾಯಿಪಾಠ ಮಾಡಿಸುವುದರ ಜೊತೆಗೆ ‘ಇದು ನಿಜವೋ ಸುಳ್ಳೋ, ಹೇಗೆ ನೋಡ್ತೀಯ?’ ಎಂದು ಕೇಳಬೇಕು. ಪತ್ರಿಕೆಯವರು ಗೊತ್ತಿಲ್ಲದ ಹೆಸರು ಕಂಡರೆ ತಿದ್ದುವ ಮುಂಚೆ ವರದಿಗಾರನಿಗೆ ಒಂದು ಫೋನ್ ಮಾಡಬೇಕು. ಒಂದು ನಿಮಿಷದ ಕೆಲಸ. ಆ ಒಂದು ನಿಮಿಷ ಇಲ್ಲದ್ದಕ್ಕೆ ನಮ್ಮೂರಲ್ಲಿ ಒಂದು ಮದುವೆ ನಿಂತಿತು.

ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಯಾವ ದೇಶದ ಹೆಸರಿನ ಬಗ್ಗೆ ಅನುಮಾನ ಬಂದರೂ ದುಡ್ಡು ಕೊಡುವ ಮುಂಚೆ ನಮ್ಮ ತಾಲೂಕಿನ ಯಾವ ವರದಿಗಾರನನ್ನಾದರೂ ಕೇಳಿ. ನಾವು ನೋಡಿ ಹೇಳುತ್ತೇವೆ. ನಗುವುದಿಲ್ಲ.

ಕೆಮಿಸ್ಟ್ ಹುಡುಗ ಎಸ್ವಾಟಿನಿಗೆ ಹೋಗಿ ಕೆಲಸಕ್ಕೆ ಸೇರಿದ. ಮೊನ್ನೆ ಒಂದು ಫೋಟೋ ಕಳಿಸಿದ್ದ. ಕಬ್ಬಿನ ಗದ್ದೆ, ಹಿಂದೆ ಕಾರ್ಖಾನೆಯ ಚಿಮಣಿ. ಊರಿನ ಗ್ರೂಪಿಗೆ ಹಾಕಿದೆವು. ಕೆಳಗೆ ಹುಡುಗಿಯ ಸೋದರಮಾವ ಬರೆದಿದ್ದರು: ‘ಇದು ನಮ್ ಮದ್ದೂರು ಕಡೆ ಫೋಟೋ ಅಲ್ವಾ?’